ಹುಡುಗನ ಹೆಸರೇನು?

2025ರ ನವೆಂಬರಿನ ಒಂದು ಶನಿವಾರ. ಉತ್ತರ ಲಂಡನ್ನಿನ ಒಂದು ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದ ಮುಂದೆ ಚಳಿಯಲ್ಲಿ ನಿಂತಿದ್ದೆ. ಆಫೀಸಿನ ಗೆಳೆಯನ ಮಗನ ಬಾರ್ ಮಿಟ್ಸ್ವಾ. ನಮ್ಮಲ್ಲಿನ ಉಪನಯನದ ಹಾಗೆ, ಹದಿಮೂರು ತುಂಬಿದಾಗ ಮಾಡುತ್ತಾರೆ.

ಗೇಟಿನಲ್ಲಿದ್ದವರು ಜಾಕೆಟ್ಟಿನೊಳಗೆ ಚೂರಿ ತಡೆಯುವ ಅಂಗಿ ತೊಟ್ಟಿದ್ದರು. ಕಿವಿಯಲ್ಲಿ ವೈರು. ನಗುತ್ತಲೇ ಕೇಳಿದರು, "ಯಾರ ಕಾರ್ಯಕ್ಕೆ ಬಂದಿರಿ? ಹುಡುಗನ ಹೆಸರೇನು?"

ತಡವರಿಸಿದೆ. ನನಗೆ ಅವನು ಯಾವಾಗಲೂ ಬರೀ 'ನಿನ್ನ ಮಗ'! ಪಟ್ಟಿ ನೋಡಿದರು, ಒಳಗೆ ಯಾರನ್ನೋ ವಿಚಾರಿಸಿದರು. ಸಿಟ್ಟು ಬಂತು. ನಮ್ಮ ಮದುವೆ ಮನೆಯಲ್ಲಿ ಜಾಸ್ತಿ ಅಂದರೆ ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ ಅಂತ ಕೇಳುತ್ತಾರೆ, ಅಷ್ಟೇ ಅಲ್ವಾ?

ಆಮೇಲೆ ಮ್ಯಾಂಚೆಸ್ಟರ್ ನೆನಪಾಯಿತು. ಅಕ್ಟೋಬರ್ 2ರಂದು, ಯಹೂದಿಗಳ ಅತಿ ಪವಿತ್ರ ದಿನವಾದ ಯೋಮ್ ಕಿಪ್ಪುರ್‌ನಂದು, ಅಲ್ಲಿನ ಹೀಟನ್ ಪಾರ್ಕ್ ಸಿನಗಾಗ್ ಮೇಲೆ ದಾಳಿ ನಡೆದಿತ್ತು. ಒಳಗಿದ್ದವರು ಬಾಗಿಲು ಒತ್ತಿ ಹಿಡಿದು ದಾಳಿಕೋರನನ್ನು ತಡೆದಿದ್ದರು. ಪ್ರಾರ್ಥನೆಗೆ ಬಂದಿದ್ದ ಇಬ್ಬರು ತೀರಿಕೊಂಡರು. ಸುಮ್ನೆ ಜೇಬು ತೋರಿಸಿ ಒಳಗೆ ಹೋದೆ.

ಹುಡುಗ ರಾಗವಾಗಿ ಅವರ ಧರ್ಮಗ್ರಂಥ ತೋರಾ ಓದಿ ಮುಗಿಸಿದ. ಮರುಕ್ಷಣ ನಾಲ್ಕೂ ಕಡೆಯಿಂದ ಅವನ ಮೇಲೆ ಮೆತ್ತನೆಯ ಮಿಠಾಯಿ ಎಸೆದರು. ಥೇಟ್ ಅಕ್ಷತೆ! ಒಂದು ನನ್ನ ಕಿವಿಗೂ ಬಡಿಯಿತು. ಚಿಕ್ಕ ಮಕ್ಕಳು ಬೆಂಚಿನ ಕೆಳಗೆ ನುಗ್ಗಿ ಬಾಚಿಕೊಂಡರು.

ಆಮೇಲೆ ತಿಂಡಿ. ಗೇಟಿನವರೂ ಪಾಳಿ ಮುಗಿಸಿ ಬಂದರು. ವೃತ್ತಿಯಲ್ಲಿ ದಂತವೈದ್ಯರಂತೆ. ಕಮ್ಯುನಿಟಿ ಸೆಕ್ಯೂರಿಟಿ ಟ್ರಸ್ಟ್ ಎಂಬ ಸೇವಾಸಂಸ್ಥೆಯಲ್ಲಿ ತರಬೇತಿ ಪಡೆದು, ಬಿಡಿಗಾಸೂ ಇಲ್ಲದೆ ಕಾವಲು ನಿಲ್ಲುತ್ತಾರೆ. ಸಬ್ಬತ್ತಿನಲ್ಲಿ, ಅಂದರೆ ಶನಿವಾರದ ವಿಶ್ರಾಂತಿಯ ದಿನ, ಬೇರೆ ಯಾರೂ ಫೋನ್ ಮುಟ್ಟುವುದಿಲ್ಲ. ಇವರು ಮಾತ್ರ ವೈರ್‌ಲೆಸ್ ಬಳಸಬಹುದು, ಜೀವ ಉಳಿಸುವ ಕೆಲಸ ನೋಡಿ.

ಕಾವಲಿನ ಜೊತೆಗೆ ಆ ಸಂಸ್ಥೆಯವರು ಲೆಕ್ಕವೂ ಇಡುತ್ತಾರೆ. ಬ್ರಿಟನ್ನಿನಲ್ಲಿ ನಡೆಯುವ ಯಹೂದಿ ದ್ವೇಷದ ಘಟನೆಗಳನ್ನು 1984ರಿಂದ ದಾಖಲಿಸುತ್ತಿದ್ದಾರೆ. 2022ರಲ್ಲಿ 1,662 ಇದ್ದದ್ದು ಮರುವರ್ಷ 4,000 ದಾಟಿತು. ಗೆಳೆಯನ ತಾಯಿಗೆ ಬಸ್ಸಿನಲ್ಲಿ ಒಬ್ಬ ಬೈದಿದ್ದನಂತೆ. "ಹೋಗಲಿ ಬಿಡಿ" ಅಂದಿದ್ದರು ಅಜ್ಜಿ. ಇದೇ ಡಾಕ್ಟರು ಪಕ್ಕದಲ್ಲಿ ಕೂತು, ಬಸ್ಸಿನ ನಂಬರಿನಿಂದ ಹಿಡಿದು ಎಲ್ಲ ಬರೆಸಿದ್ದರು. ಬರೆಸದೇ ಹೋದರೆ ಅದು ನಡೆದೇ ಇಲ್ಲ ಅಂತ ಆಗುತ್ತೆ ಅನ್ನುವುದು ಅವರ ವಾದ. ನನಗೂ ಸರಿ ಅನ್ನಿಸಿತು.

ಹೊರಡುವಾಗ ಡಾಕ್ಟರು ಕೈ ಕುಲುಕಿದರು. "ಅವನ ತಂಗಿಯದೂ ಮುಂದಿನ ವರ್ಷ ಇದೆ. ಹೆಸರು ಬಾಯಿಪಾಠ ಮಾಡಿಕೊಂಡು ಬನ್ನಿ."