ಸ್ಪ್ರಿಂಗ್ಸ್‌ನಲ್ಲಿ ಮುರಿದ ತೋಳು

ರಗ್ಬಿಯಲ್ಲಿ ಲಾಕ್ ಆಟಗಾರನ ಕೆಲಸ ಗ್ಯಾಲರಿಯಲ್ಲಿ ಕೂತವರ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಚೆಂಡಿಗಾಗಿ ಎದುರಾಳಿಗಳನ್ನು ನೂಕಲು ಎಂಟು ಮಂದಿ ಸೇರಿ ಸ್ಕ್ರಮ್ ಕಟ್ಟಿದಾಗ ಅವನು ಎರಡನೆಯ ಸಾಲಿನಲ್ಲಿ, ಮುಂದಿನವರ ಸೊಂಟಗಳ ನಡುವೆ ತಲೆ ತೂರಿಸಿಕೊಂಡು ಬಗ್ಗಿರುತ್ತಾನೆ. ಒಂದು ತೋಳು ಜೊತೆಗಾರ ಲಾಕ್‌ನನ್ನು ಬಳಸಿ ಹಿಡಿದಿರುತ್ತದೆ, ಇನ್ನೊಂದು ಮುಂದಿನ ಸಾಲಿನ ಅಂಚಿನಲ್ಲಿರುವ ಪ್ರಾಪ್‌ನನ್ನು. ಕಾಲಲ್ಲಿ ಎಷ್ಟೇ ಕಸುವಿದ್ದರೂ ಈ ಎರಡು ಹಿಡಿತಗಳಲ್ಲಿ ಒಂದು ಸಡಿಲವಾದರೆ ಸಾಕು, ಇಬ್ಬರು ಲಾಕ್‌ಗಳ ಭುಜದ ನಡುವೆ ಸಂದು ಬೀಳುತ್ತದೆ, ಪ್ರಾಪ್ ಹೊರಕ್ಕೆ ವಾಲುತ್ತಾನೆ, ನೂಕಿದ ಬಲವೆಲ್ಲ ಪಕ್ಕಕ್ಕೆ ಸೋರಿಹೋಗುತ್ತದೆ. ಅದಕ್ಕೇ 1970ರಲ್ಲಿ ದಕ್ಷಿಣ ಆಫ್ರಿಕಾದ ಸ್ಪ್ರಿಂಗ್ಸ್ ಊರಿನಲ್ಲಿ ನ್ಯೂಜಿಲೆಂಡಿನ ಲಾಕ್ ಕಾಲಿನ್ ಮೀಡ್ಸ್ ಮುರಿದ ತೋಳಿನಲ್ಲೇ ಪಂದ್ಯ ಮುಗಿಸಿದರು ಎಂಬುದನ್ನು ನೆನೆದರೆ, ಒಮ್ಮೆಯಾದರೂ ಸ್ಕ್ರಮ್‌ನೊಳಗೆ ತಲೆ ಕೊಟ್ಟವರಿಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಎದುರಾಳಿ ಈಸ್ಟರ್ನ್ ಟ್ರಾನ್ಸ್‌ವಾಲ್, ಪ್ರಾಂತೀಯ ತಂಡ. ದೇಶ ದೇಶಗಳ ನಡುವಿನ ಟೆಸ್ಟ್ ಪಂದ್ಯವಲ್ಲ, ಆದರೆ ಆಟ ಮಾತ್ರ ಟೆಸ್ಟ್‌ಗಿಂತ ಒರಟಾಗಿತ್ತು. ನೆಲಕ್ಕೆ ಬಿದ್ದ ಚೆಂಡಿಗಾಗಿ ಎರಡೂ ಕಡೆಯವರು ಮುಗಿಬಿದ್ದು ನೂಕಾಡುವುದೇ ರಕ್. ಅಂದಿನ ರಕ್ ಎಂದರೆ ಇಂದು ಟಿವಿಯಲ್ಲಿ ನೋಡುವ ರಕ್ ಅಲ್ಲ. ಚೆಂಡಿನ ಮೇಲೆ ಬಿದ್ದವನನ್ನು ಬೂಟಿನಿಂದ ಹಿಂದಕ್ಕೆ ಕೆರೆದು ಹಾಕುವುದು ಮಾಮೂಲು. ಅಂಥದ್ದೊಂದು ರಕ್‌ನಿಂದ ಮೀಡ್ಸ್ ಎದ್ದು ಬಂದಾಗ ತೋಳು ಜೋತುಬಿದ್ದಿತ್ತು. ಮೊಣಕೈ ಕೆಳಗಿನ ಮೂಳೆ ಮುರಿದಿತ್ತು. ಅವರು ಮೈದಾನ ಬಿಡಲಿಲ್ಲ.

ಇಲ್ಲೊಂದು ಸಣ್ಣ ವಿಷಯ ತಿಳಿದಿರಬೇಕು. ಬೆರಳು ಮಡಿಸುವ ದೊಡ್ಡ ಸ್ನಾಯುಗಳು ಅಂಗೈಯಲ್ಲಿಲ್ಲ, ಮೊಣಕೈ ಮತ್ತು ಮಣಿಕಟ್ಟಿನ ನಡುವೆ ಇವೆ. ಹಾಗಾಗಿ ಅಲ್ಲಿ ಮೂಳೆ ಮುರಿದವನು ಮುಷ್ಟಿ ಬಿಗಿದರೆ ಅವನ ಸ್ನಾಯುವೇ ಮುರಿದ ತುದಿಗಳನ್ನು ಎಳೆಯುತ್ತದೆ. ಲಾಕ್ ಆದವನು ಪ್ರತಿ ಸ್ಕ್ರಮ್‌ನಲ್ಲೂ ಮುಷ್ಟಿ ಬಿಗಿಯಲೇಬೇಕು. ಪಕ್ಕದ ಗೆರೆ ದಾಟಿದ ಚೆಂಡನ್ನು ಎರಡು ತಂಡಗಳ ಸಾಲುಗಳ ನಡುವೆ ಒಳಗೆಸೆಯುವ ಲೈನ್‌ಔಟ್‌ನಲ್ಲಿ ಆಗ ಜೊತೆಗಾರರು ಸೊಂಟ ಹಿಡಿದು ಎತ್ತುವ ಹಾಗಿರಲಿಲ್ಲ. ಸ್ವಂತ ಕಾಲಿನ ಬಲದಲ್ಲೇ ಹಾರಬೇಕು, ಎರಡು ಸಾಲುಗಳ ನಡುವೆ ಇಂದಿನಷ್ಟು ಜಾಗ ಇರುತ್ತಿರಲಿಲ್ಲವಾದ್ದರಿಂದ ಎದುರಾಳಿಯ ಮೊಣಕೈ ಪೆಟ್ಟು ತಿಂದುಕೊಂಡೇ ಚೆಂಡು ಹಿಡಿಯಬೇಕು. ಇಷ್ಟೆಲ್ಲ ಮುಗಿಸಿ ಹೊರಬಂದ ಮೇಲೆ ಡಾಕ್ಟರು ಜೆರ್ಸಿ ಕತ್ತರಿಸಿ ನೋಡಿ ಮೂಳೆ ಮುರಿದಿದೆ ಎಂದರು. ಹಾಳಾದ ಪಂದ್ಯವನ್ನಂತೂ ಗೆದ್ದೆವಲ್ಲ ಎಂದು ಮೀಡ್ಸ್ ಗೊಣಗಿದ್ದು ರಗ್ಬಿ ಲೋಕದಲ್ಲಿ ಮನೆಮಾತಾಗಿದೆ.

ಆಗ ಅವರಿಗೆ 34 ವರ್ಷ. ನ್ಯೂಜಿಲೆಂಡಿನ ಉತ್ತರ ದ್ವೀಪದ ಕಿಂಗ್ ಕಂಟ್ರಿ ಸೀಮೆಯ ಟೆ ಕೂಟಿ ಎಂಬ ಸಣ್ಣ ಊರಿನ ರೈತ, ಕುರಿ ದನ ಸಾಕಿ ಬದುಕಿದವರು. ರಗ್ಬಿಗೆ ಆಗ ಸಂಬಳವಿರಲಿಲ್ಲ. ತಿಂಗಳುಗಟ್ಟಲೆ ಪ್ರವಾಸ ಮುಗಿಸಿ ಬಂದವರಿಗೆ ಹೊಲದ ಬೇಲಿ ಕಾಯುತ್ತಿರುತ್ತಿತ್ತು. ಕಂಕುಳಿಗೊಂದರಂತೆ ಎರಡು ಕುರಿ ಇರುಕಿಕೊಂಡು ಗುಡ್ಡ ಹತ್ತಿ ತಾಲೀಮು ಮಾಡುತ್ತಿದ್ದರೆಂಬ ಮಾತು ಎಲ್ಲೆಡೆ ಹಬ್ಬಿದೆ. ಅದನ್ನು ತಾಲೀಮು ಎನ್ನುವುದಕ್ಕಿಂತ ದಿನದ ಕೆಲಸ ಎನ್ನುವುದೇ ಸರಿ. ಒದೆಯುವ ಕುರಿಯನ್ನು ಅಲುಗದಂತೆ ಹಿಡಿಯುವುದು, ಬೇಲಿ ಕಂಬ ನೆಡುವುದು, ತಂತಿ ಬಿಗಿಯುವುದು, ಇವು ಕೊಡುವ ಹಿಡಿತವನ್ನು ಜಿಮ್‌ನ ಯಾವ ಕಬ್ಬಿಣವೂ ಕೊಡುವುದಿಲ್ಲ ಎಂದೇ ನನ್ನ ನಂಬಿಕೆ. ಸುಮಾರು ಆರೂಕಾಲು ಅಡಿ ಎತ್ತರ, ನೂರು ಕಿಲೋ ಆಸುಪಾಸಿನ ತೂಕ. ಇಂದಿನ ಲಾಕ್‌ಗಳ ಪಕ್ಕದಲ್ಲಿ ನಿಲ್ಲಿಸಿದರೆ ಸಾಧಾರಣ ಆಳು. ಅಂದು ಮಾತ್ರ ‘ಪೈನ್‌ಟ್ರೀ’ ಎಂಬ ಅಡ್ಡಹೆಸರು ಅವರಿಗೆ ಅಂಟಿಕೊಂಡಿತು.

ಲಾಕ್ ಸ್ಥಾನಕ್ಕೆ ಹೊಸದಾಗಿ ಬಂದವರು ಸಾಮಾನ್ಯವಾಗಿ ಎಡವುವುದು ಕಾಲಿಡುವುದರಲ್ಲಿ. ಪಾದಗಳನ್ನು ತೀರಾ ಹಿಂದಕ್ಕೆ ಇಟ್ಟರೆ ಮಂಡಿ ಮೊದಲೇ ನೆಟ್ಟಗಾಗಿಬಿಡುತ್ತದೆ, ನೂಕುವ ಹೊತ್ತಿಗೆ ನೂಕಲು ಏನೂ ಉಳಿದಿರುವುದಿಲ್ಲ. ಸೊಂಟ ಭುಜಕ್ಕಿಂತ ಮೇಲೆ ಹೋದರೆ ಬಲ ನೆಲದ ಕಡೆ ಇಳಿದು ಇಡೀ ಸ್ಕ್ರಮ್ ಮುಗ್ಗರಿಸುತ್ತದೆ. ಪಾದ ಭುಜದಷ್ಟು ಅಗಲಕ್ಕೆ, ಮಂಡಿ ಮಡಚಿ ನೆಲದಿಂದ ಗೇಣು ಮೇಲಕ್ಕೆ, ಬೆನ್ನು ಹಲಗೆಯ ಹಾಗೆ, ಕಣ್ಣು ಮುಂದಕ್ಕೆ. ಕಣ್ಣು ನೆಲ ನೋಡಿದ ಗಳಿಗೆಯಲ್ಲಿ ಕತ್ತು ಬಾಗುತ್ತದೆ, ಕತ್ತಿನ ಹಿಂದೆಯೇ ಬೆನ್ನೂ ಬಾಗುತ್ತದೆ. ಇನ್ನು ಕಿವಿ. ಪ್ರಾಪ್ ಮತ್ತು ಮುಂದಿನ ಸಾಲಿನ ನಡುವೆ ನಿಲ್ಲುವ ಹುಕರ್‌ನ ತೊಡೆ ಸಂದಿಯಲ್ಲಿ ಉಜ್ಜಿ ಉಜ್ಜಿ ಒಳಗೆ ರಕ್ತ ಕಟ್ಟಿ, ಗರಡಿಮನೆಯ ಹಳೆಯ ಪೈಲ್ವಾನರ ಕಿವಿಯಂತೆ ಮುದ್ದೆಗಟ್ಟುತ್ತದೆ. ಅದಕ್ಕೇ ತಲೆಗೆ ಟೇಪ್ ಸುತ್ತಿ ವ್ಯಾಸಲಿನ್ ಬಳಿದುಕೊಳ್ಳುವುದು.

ಮೀಡ್ಸ್ ಇದೆಲ್ಲ ಮಾಡಿದ ಮೇಲೂ ಓಡಬಲ್ಲವರಾಗಿದ್ದರು, ಅದು ಅವರ ವಿಶೇಷ. ನೀರು ಕುಡಿದು ಭಾರವಾಗುತ್ತಿದ್ದ ತೊಗಲಿನ ಚೆಂಡನ್ನು ಒಂದೇ ಅಂಗೈಯಲ್ಲಿ ಕಿತ್ತಳೆ ಹಣ್ಣಿನಂತೆ ಹಿಡಿದು, ಇನ್ನೊಂದು ಕೈಯಿಂದ ಅಡ್ಡ ಬಂದವರನ್ನು ತಳ್ಳುತ್ತಾ ನುಗ್ಗುತ್ತಿದ್ದರು. 1957ರಿಂದ 1971ರವರೆಗೆ ನ್ಯೂಜಿಲೆಂಡಿನ ರಾಷ್ಟ್ರೀಯ ತಂಡ ಆಲ್ ಬ್ಲ್ಯಾಕ್ಸ್ ಪರ 133 ಪಂದ್ಯ, ಅದರಲ್ಲಿ 55 ಟೆಸ್ಟ್. ಕೆಲವು ಟೆಸ್ಟ್‌ಗಳಲ್ಲಿ ತಮ್ಮ ಸ್ಟ್ಯಾನ್ ಕೂಡ ಜೊತೆಗಿದ್ದರು.

ಆ ಕೈಗಳನ್ನು ಬರೀ ಹೊಗಳಿ ಬಿಟ್ಟರೆ ತಪ್ಪಾಗುತ್ತದೆ. 1968ರಲ್ಲಿ ಸಿಡ್ನಿಯ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾದ ಕೆನ್ ಕ್ಯಾಚ್‌ಪೋಲ್ ರಕ್‌ನಡಿ ಸಿಕ್ಕಿಕೊಂಡಿದ್ದಾಗ ಮೀಡ್ಸ್ ಕ್ಯಾಚ್‌ಪೋಲ್‌ರ ಕಾಲು ಹಿಡಿದು ಎಳೆದರು. ಕಬಡ್ಡಿಯಲ್ಲಿ ರೈಡರ್‌ನ ಕಾಲು ಹಿಡಿದೆಳೆದರೆ ಅವನ ಮೈ ಕಾಲಿನ ಜೊತೆಗೇ ಬರುತ್ತದೆ. ಇಲ್ಲಿ ಮೈಮೇಲೆ ಆಳುಗಳ ರಾಶಿ, ಇನ್ನೊಂದು ಕಾಲೂ ಅಡಿಯಲ್ಲಿ ಸಿಕ್ಕಿತ್ತು. ತೊಡೆಯ ಹಿಂಭಾಗದ ಸ್ನಾಯು ಮೂಳೆಯಿಂದಲೇ ಕಿತ್ತುಬಂತು. ಆ ಕಾಲದ ಅತ್ಯುತ್ತಮ ಹಾಫ್‌ಬ್ಯಾಕ್‌ಗಳಲ್ಲಿ (ಸ್ಕ್ರಮ್‌ನಿಂದ ಬಂದ ಚೆಂಡನ್ನು ಹಂಚುವವರು) ಒಬ್ಬರಾದ ಕ್ಯಾಚ್‌ಪೋಲ್ ಮತ್ತೆ ಟೆಸ್ಟ್ ಆಡಲಿಲ್ಲ. ಉದ್ದೇಶ ಕೆಟ್ಟದ್ದಿರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಆದರೂ ರಕ್‌ನೊಳಗೆ ಹತ್ತು ವರ್ಷ ಕಳೆದವರು ಎಳೆಯುವ ಮೊದಲು ಮೈ ಎಲ್ಲಿದೆ ಎಂದು ನೋಡಬೇಕಿತ್ತು. ಅದರ ಹಿಂದಿನ ವರ್ಷ, 1967ರ ಡಿಸೆಂಬರ್ 2ರಂದು, ಎಡಿನ್‌ಬರೋದ ಮರೇಫೀಲ್ಡ್‌ನಲ್ಲಿ ಸ್ಕಾಟ್ಲೆಂಡ್ ವಿರುದ್ಧ ಅಪಾಯಕಾರಿಯಾಗಿ ಕಾಲು ಬೀಸಿದ್ದಕ್ಕೆ ಐರ್ಲೆಂಡಿನ ರೆಫರಿ ಕೆವಿನ್ ಕೆಲ್ಲೆಹರ್ ಮೀಡ್ಸ್‌ರನ್ನು ಹೊರಗೆ ಕಳಿಸಿದ್ದರು. ಟೆಸ್ಟ್ ಇತಿಹಾಸದಲ್ಲಿ ಆ ಶಿಕ್ಷೆ ಉಂಡ ಎರಡನೆಯ ಆಟಗಾರ ಅವರು. ನನಗೆ ಆ ಒದೆತಕ್ಕಿಂತ ಸಿಡ್ನಿಯ ಎಳೆತವೇ ಹೆಚ್ಚು ಕಾಡುತ್ತದೆ. ಆಟ ಬಿಟ್ಟ ಮೇಲೆ 1986ರಲ್ಲಿ ವರ್ಣಭೇದದ ದಕ್ಷಿಣ ಆಫ್ರಿಕಾಕ್ಕೆ, ನ್ಯೂಜಿಲೆಂಡ್ ರಗ್ಬಿ ಮಂಡಳಿಯ ಅನುಮತಿಯಿಲ್ಲದೆ ಹೊರಟ ಕ್ಯಾವಲಿಯರ್ಸ್ ತಂಡದ ಕೋಚ್ ಆಗಿ ಹೋದದ್ದೂ ಅವರ ಲೆಕ್ಕದಲ್ಲಿ ಬರೆದಿಡಬೇಕಾದದ್ದೇ.

ಸ್ಪ್ರಿಂಗ್ಸ್‌ನ ನಂತರ ಆ ಪ್ರವಾಸದ ಮೊದಲ ಎರಡು ಟೆಸ್ಟ್ ಅವರಿಗೆ ತಪ್ಪಿದವು. ಮೂರನೆಯದಕ್ಕೆ ತೋಳಿಗೆ ತೆಳುವಾದ ಕಾಪು ಕಟ್ಟಿಕೊಂಡು ಇಳಿದರು. ದೊಡ್ಡವರಲ್ಲಿ ಆ ಮೂಳೆ ಗಟ್ಟಿಯಾಗಿ ಕೂಡಲು ಮೂರು ತಿಂಗಳಾದರೂ ಬೇಕು, ಅಷ್ಟು ದಿನ ಆಗಿರಲಿಲ್ಲ. ಕಾಪು ಮೇಲಿನ ಪೆಟ್ಟು ತಡೆಯಬಹುದು, ಮುಷ್ಟಿ ಬಿಗಿದಾಗಿನ ಒಳಗಿನ ಎಳೆತವನ್ನು ತಡೆಯಲಾರದು. ನ್ಯೂಜಿಲೆಂಡ್ ಆ ಟೆಸ್ಟನ್ನೂ ಮುಂದಿನದನ್ನೂ ಸೋತು, ಸರಣಿಯನ್ನು 3–1ರಿಂದ ಕಳೆದುಕೊಂಡಿತು. ಮರುವರ್ಷ ಬ್ರಿಟನ್ ಮತ್ತು ಐರ್ಲೆಂಡಿನ ಜಂಟಿ ತಂಡವಾದ ಲಯನ್ಸ್ ವಿರುದ್ಧ ನಾಯಕರಾಗಿ ಆಡಿದ ಸರಣಿಯೂ ಕೈತಪ್ಪಿತು. ಅದೇ ಅವರ ಕೊನೆಯ ಟೆಸ್ಟ್ ಸರಣಿ.

2017ರ ಜೂನ್‌ನಲ್ಲಿ ಟೆ ಕೂಟಿಯ ಬೀದಿಯಲ್ಲಿ ಅವರ ಕಂಚಿನ ಪ್ರತಿಮೆ ನಿಂತಿತು. ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ ಬಳಲಿದ್ದ 81ರ ಮೀಡ್ಸ್ ಅನಾವರಣಕ್ಕೆ ತಾವೇ ಬಂದಿದ್ದರು. ಆಗಸ್ಟ್ 20ರಂದು ತೀರಿಕೊಂಡರು. ಪ್ರತಿಮೆಯ ಮೀಡ್ಸ್ ಓಡುತ್ತಿದ್ದಾರೆ, ಚೆಂಡು ಒಂದೇ ಕೈಯಲ್ಲಿದೆ.