‘ಲಾ ಫೂಲ್’ ಕದ್ದ ಹಾಡೇ?

ಫ್ರಾನ್ಸಿನ ಗಾಯಕಿ ಎಡಿತ್ ಪಿಯಾಫ್ ವಿಷಯ ಎತ್ತಿದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಲಾ ಫೂಲ್’ (ಜನಸಂದಣಿ) ಎಂಬ ಫ್ರೆಂಚ್ ಹಾಡಿನ ರಾಗವನ್ನು ಸ್ಪ್ಯಾನಿಷ್‌ನಲ್ಲೂ ಕೇಳಿದ್ದೇವಲ್ಲ, ಕದ್ದವರು ಯಾರು? ಹೊಸ ಸಿನಿಮಾ ಹಾಡು ಬಂದ ದಿನವೇ ಅದರ ಟ್ಯೂನ್ ಎಲ್ಲಿಯದೆಂದು ಹುಡುಕಲು ಕೂರುವವರು ನಾವು. ಈ ಕುತೂಹಲ ಸಹಜವೇ. ಆದರೆ ಕೇಳುವವರಲ್ಲಿ ಹೆಚ್ಚಿನವರು ಪಿಯಾಫ್ ಹಾಡಿದ್ದೇ ಮೂಲ, ಸ್ಪ್ಯಾನಿಷಿನದು ನಕಲು ಎಂದು ಮೊದಲೇ ತೀರ್ಪು ಬರೆದಿಟ್ಟಿರುತ್ತಾರೆ.

ನಡೆದದ್ದು ಇದಕ್ಕೆ ತದ್ವಿರುದ್ಧ. ರಾಗ ಹುಟ್ಟಿದ್ದು ಅರ್ಜೆಂಟೀನಾದಲ್ಲಿ, 1936ರಲ್ಲಿ. ರಾಗ ಸಂಯೋಜಿಸಿದವರು ಗಿಟಾರ್ ವಾದಕ ಆಂಹೆಲ್ ಕಬ್ರಾಲ್, ಸಾಹಿತ್ಯ ಎನ್ರಿಕೆ ದಿಸೆಯೊ ಅವರದು. ಹೆಸರು ‘ಕೆ ನಾದಿಯೆ ಸೆಪಾ ಮಿ ಸುಫ್ರೀರ್’, ಅಂದರೆ ನನ್ನ ಸಂಕಟ ಯಾರಿಗೂ ತಿಳಿಯದಿರಲಿ. ಇಬ್ಬರೂ ಅರ್ಜೆಂಟೀನಾದವರಾದರೂ ಹಾಡಿನ ಧಾಟಿ ಪೆರು ದೇಶದ ವಾಲ್ಟ್ಸ್‌ನದು. ವಾಲ್ಟ್ಸ್ ಅಂದರೆ ಮೂರರ ಎಣಿಕೆಯ ಯುರೋಪಿನ ನೃತ್ಯಸಂಗೀತ. ಅದು ಪೆರುವಿನ ರಾಜಧಾನಿ ಲಿಮಾದ ಗಿಟಾರ್ ವಾದಕರ ಕೈಗೆ ಸಿಕ್ಕಿದ ಮೇಲೆ ಅದರ ಮೂರರ ಎಣಿಕೆಯೊಳಗೆ ಎರಡರ ಎಣಿಕೆಯೂ ನುಸುಳಿಕೊಂಡಿತು. ನಡೆಯಲ್ಲಿ ಒಂದು ತುಂಟತನ ಬಂತು. ಈ ಹಾಡು ಪೆರುವಿನದೇ ಎಂದು ನಂಬಿರುವವರು ಇಂದಿಗೂ ಇದ್ದಾರೆ.

ಮೂವತ್ತರ ದಶಕದಲ್ಲಿಯೇ ಅರ್ಜೆಂಟೀನಾದ ಗಾಯಕ ಊಗೊ ದೆಲ್ ಕರ್ರಿಲ್ ಇದನ್ನು ಧ್ವನಿಮುದ್ರಿಸಿದರು. ಆದರೆ ಹಾಡನ್ನು ಬೀದಿಬೀದಿಗೆ ಮುಟ್ಟಿಸಿದ್ದು 1953ರ ಆಲ್ಬೆರ್ತೊ ಕಾಸ್ತಿಯೊ ಅವರ ದನಿ. (ಈ ಕಾಸ್ತಿಯೊ ಸ್ತ್ರೀರೋಗ ತಜ್ಞರಾಗಿದ್ದು, ವೈದ್ಯವೃತ್ತಿ ಬಿಟ್ಟು ಟ್ಯಾಂಗೊ ಹಾಡಲು ನಿಂತವರು.) ದಕ್ಷಿಣ ಅಮೆರಿಕದ ಪ್ರವಾಸದಲ್ಲಿ ಹಾಡು ಪಿಯಾಫ್ ಕಿವಿಗೆ ಬಿತ್ತು. ರಾಗವನ್ನು ಪ್ಯಾರಿಸ್ಸಿಗೆ ಒಯ್ದು, ಮಿಷೆಲ್ ರಿವ್‌ಗೋಶ್ ಅವರಿಂದ ಹೊಸ ಸಾಹಿತ್ಯ ಬರೆಸಿ, 1957ರಲ್ಲಿ ಹಾಡಿದರು. ರಾಗ ಸಂಯೋಜಕರೆಂದು ಕಬ್ರಾಲ್ ಹೆಸರನ್ನೇ ಕೊಡಲಾಗಿದೆ. ಹಾಗಾಗಿ ಕಳ್ಳತನದ ಪ್ರಶ್ನೆಗೆ ನನ್ನ ಉತ್ತರ ಒಂದೇ ಮಾತಿನದು: ಅಲ್ಲ.

ಇಷ್ಟಕ್ಕೇ ಸಮಾಧಾನಪಟ್ಟು ಎದ್ದುಹೋಗುವವರ ಬಗ್ಗೆ ನನಗೆ ಸ್ವಲ್ಪ ಬೇಸರವಿದೆ. ಏಕೆಂದರೆ ಸ್ವಾರಸ್ಯವಿರುವುದು ಇಲ್ಲಿಂದ ಮುಂದೆ. ರಿವ್‌ಗೋಶ್ ದಿಸೆಯೊ ಅವರ ಕಥೆಯನ್ನು ಮುಟ್ಟಲೇ ಇಲ್ಲ.

ಸ್ಪ್ಯಾನಿಷ್ ಹಾಡಿನಲ್ಲಿರುವವನು ಕೈಬಿಟ್ಟುಹೋದ ಪ್ರೇಯಸಿಯನ್ನು ಉದ್ದೇಶಿಸಿ ಮಾತನಾಡುತ್ತಾನೆ. ನನ್ನ ಬಡ ಹೃದಯಕ್ಕೆ ನೀನು ಕೃತಘ್ನಳಾದೆ, ನಿನ್ನ ಕಪ್ಪು ಕಣ್ಣುಗಳ ಬೆಂಕಿ ಬೇರೊಬ್ಬನ ದಾರಿಗೆ ಬೆಳಕಾಯಿತು ಎನ್ನುತ್ತಾನೆ. ಇನ್ನು ಮುಂದೆ ನಿನ್ನ ಹೆಸರೆತ್ತುವುದಿಲ್ಲ ಎಂದು ಶಪಥವನ್ನೂ ಮಾಡುತ್ತಾನೆ. ಆಮೇಲೆ ಬಾಯಿಬಿಡುತ್ತಾನೆ ನೋಡಿ, ನಿಜವಾದ ಭಯವನ್ನು: ಒಬ್ಬ ಹೆಣ್ಣು ನನ್ನ ಅದೃಷ್ಟವನ್ನೇ ಬದಲಿಸಿದಳೆಂದು ಹೇಳಿಕೊಂಡು ನನಗೇನು ಲಾಭ, ಜನ ನಕ್ಕಾರು. ನಾಲ್ಕು ಜನ ಏನೆಂದಾರು ಎಂಬ ಚಿಂತೆಯಲ್ಲೇ ಅರ್ಧ ಆಯಸ್ಸು ಕಳೆಯುವ ನಮಗೆ ಇವನನ್ನು ಯಾರೂ ಪರಿಚಯ ಮಾಡಿಕೊಡಬೇಕಿಲ್ಲ. ಹುಡುಗಿ ಹೋದ ನೋವು ಒಂದು ಪಾಲಾದರೆ, ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಅವಮಾನ ಮೂರು ಪಾಲು.

ಫ್ರೆಂಚ್ ಹಾಡಿನಲ್ಲಿ ಮಾತನಾಡುವವಳು ಹೆಣ್ಣು. ಊರಿಗೆ ಊರೇ ಹಬ್ಬದ ಅಮಲಿನಲ್ಲಿದೆ, ಬಿಸಿಲು, ಕೂಗು, ನಗು. ದಿಕ್ಕು ತೋಚದೆ ನಿಂತವಳನ್ನು ಜನಸಂದಣಿ ತಳ್ಳಿಕೊಂಡು ಹೋಗಿ ಒಬ್ಬ ಅಪರಿಚಿತನ ತೋಳಿಗೆ ಹಾಕುತ್ತದೆ. ಇಬ್ಬರೂ ಅಂಟಿಕೊಂಡು ಒಂದೇ ದೇಹವಾಗಿ ಆ ಪ್ರವಾಹದಲ್ಲಿ ತೇಲುತ್ತಾರೆ. ಅಷ್ಟರಲ್ಲಿ ಅದೇ ಸಂದಣಿ ಅವನನ್ನು ಕಿತ್ತುಕೊಂಡು ಹೋಗುತ್ತದೆ. ಮುಷ್ಟಿ ಬಿಗಿದು ಜನರನ್ನು ಶಪಿಸುವುದಷ್ಟೇ ಅವಳಿಗೆ ಉಳಿಯುವುದು. ಸ್ಪ್ಯಾನಿಷ್ ಹಾಡಿನವನು ಹಟದಿಂದ ಹೆಸರೆತ್ತುವುದಿಲ್ಲ. ಇವಳು ಎತ್ತಬೇಕೆಂದರೂ ಎತ್ತಲು ಹೆಸರೇ ಇಲ್ಲ.

ಎರಡು ಕಥೆಗಳಿಗೂ ಸಂಬಂಧವೇ ಇಲ್ಲವೆಂದು ವಿಮರ್ಶಕರು ಬರೆಯುವುದುಂಟು. ನನಗೆ ಹಾಗೆನಿಸುವುದಿಲ್ಲ. ಎರಡರಲ್ಲೂ ಪ್ರೇಮಕ್ಕೆ ಎದುರಾಗಿ ನಿಂತಿರುವುದು ಜನವೇ. ಬ್ಯೂನಸ್ ಐರಿಸ್ಸಿನವನು ಜನರ ನಾಲಿಗೆಗೆ ಹೆದರುತ್ತಾನೆ, ಪ್ಯಾರಿಸ್ಸಿನವಳನ್ನು ಸೋಲಿಸುವುದು ಜನರ ಭುಜಗಳು. ರಿವ್‌ಗೋಶ್ ಸ್ಪ್ಯಾನಿಷ್ ಸಾಲುಗಳನ್ನು ಓದಿಕೊಂಡೇ ಬರೆದರೋ, ಬರೀ ರಾಗ ಕೇಳಿ ಬರೆದರೋ, ಮೂಲದಲ್ಲಿ ಮೂಲೆಯಲ್ಲಿ ನಿಂತು ನಗುತ್ತಿದ್ದವರು ಫ್ರೆಂಚಿನಲ್ಲಿ ಬೀದಿಗಿಳಿದು ಇಡೀ ಹಾಡನ್ನೇ ಆಕ್ರಮಿಸಿಕೊಂಡರು. ಪಲ್ಲವಿಯನ್ನೇ ಗಮನಿಸಿ. ಸ್ಪ್ಯಾನಿಷ್ ಪಲ್ಲವಿ ‘ನನ್ನ ಒಲವಿನ ಒಲವೇ, ನನ್ನ ರಾಣಿಯೇ’ ಎಂದು ಅವಳನ್ನು ಕರೆಯುತ್ತದೆ. ಫ್ರೆಂಚ್ ಪಲ್ಲವಿಯಲ್ಲಿ ಪ್ರಿಯತಮನನ್ನು ಕರೆಯುವ ಮಾತೇ ಇಲ್ಲ. ನಮ್ಮನ್ನು ಎಳೆದೊಯ್ಯುವ ಜನಸಾಗರ ಎಂದೇ ಅದು ಶುರುವಾಗುತ್ತದೆ.

ರಾಗದಲ್ಲಿ ಇದಕ್ಕೆ ಆಸ್ಪದ ಮೊದಲೇ ಇತ್ತು. ಪ್ರತಿ ಸಾಲೂ ಚಿಕ್ಕ ಚಿಕ್ಕ ಸ್ವರಗಳ ಉದ್ದನೆಯ ಓಟ. ಮಧ್ಯದಲ್ಲಿ ಉಸಿರೆಳೆದುಕೊಳ್ಳಲು ಜಾಗವಿಲ್ಲ. ಈ ಓಟವನ್ನು ದಿಸೆಯೊ ದೂರು ಹೇಳುವವನ ಮಾತಿಗೆ ಬಳಸಿದರು. ನೊಂದವನು ಎಲ್ಲಿಯೂ ನಿಲ್ಲಿಸದೆ ಒಂದೇ ಸಮನೆ ಹೇಳಿಕೊಳ್ಳುತ್ತಾನಲ್ಲ, ಆ ಬಗೆ. ರಿವ್‌ಗೋಶ್‌ಗೆ ಅದರಲ್ಲಿ ಕಂಡದ್ದು ಕಾಲು ನೆಲಕ್ಕೆ ತಾಗದಂತೆ ದೂಡಿಸಿಕೊಂಡು ಹೋಗುವ ಅನುಭವ. ಪಲ್ಲವಿಯಲ್ಲಿ ಅವರು ಒಂದೇ ಬಗೆಯ ನಾದದ ಪದಗಳನ್ನು ಒಂದರ ಬೆನ್ನಿಗೊಂದು ಕಟ್ಟಿದ್ದಾರೆ. ಫ್ರೆಂಚ್ ಬಾರದವರಿಗೂ ಅಲ್ಲಿ ತಲೆ ಸುತ್ತುತ್ತದೆ. ಪಿಯಾಫ್ ಅವರ ಎತ್ತರ 1.47 ಮೀಟರ್. ಗುಂಪಿನಲ್ಲಿ ಕಳೆದುಹೋದವಳ ಹಾಡನ್ನು ಆ ಪುಟ್ಟ ದೇಹ ವೇದಿಕೆಯ ಮೇಲೆ ಒಂಟಿಯಾಗಿ ನಿಂತು ಹಾಡುವಾಗ ಹೆಚ್ಚಿನ ಅಭಿನಯ ಬೇಕಾಗಿರಲಿಲ್ಲ.

ಪಿಯಾಫ್ ಹಾಡಿದ್ದರಿಂದ ಮೂಲಕ್ಕೆ ಅನ್ಯಾಯವಾಯಿತೇ ಎಂದೂ ಕೆಲವರು ಕೇಳುತ್ತಾರೆ. ಹಾಗೇನಿಲ್ಲ. ಲ್ಯಾಟಿನ್ ಅಮೆರಿಕದಲ್ಲಿ ಹಳೆಯ ಹಾಡಿಗೆ ಮತ್ತೆ ಬೇಡಿಕೆ ಹುಟ್ಟಿತು; ‘ಅಮೋರ್ ದೆ ಮಿಸ್ ಅಮೋರೆಸ್’ (ನನ್ನ ಒಲವಿನ ಒಲವೇ) ಎಂಬ ಎರಡನೆಯ ಹೆಸರಿನಿಂದಲೂ ಅದು ಓಡಾಡಿತು.

ಯಾವುದನ್ನು ಮೊದಲು ಕೇಳಬೇಕು ಎಂಬುದಕ್ಕೆ ನನ್ನ ಸಲಹೆ ಇಷ್ಟು. ಮೊದಲು ಕಾಸ್ತಿಯೊ, ಆಮೇಲೆ ಪಿಯಾಫ್. ಕೊಲಂಬಿಯಾದ ಲಾ ಸೊನೊರಾ ದಿನಮಿತಾ ತಂಡದ ಕುಂಬಿಯಾ (ಅಲ್ಲಿನ ಕುಣಿತದ ಸಂಗೀತ) ರೂಪವನ್ನು ಕುಳಿತು ಕೇಳಲಾಗುವುದಿಲ್ಲ, ಕಾಲು ತಾನಾಗಿ ಕುಣಿಯುತ್ತದೆ. ಸಂಕಟ ಯಾರಿಗೂ ತಿಳಿಯದಿರಲಿ ಎಂದವನ ಪಾಡನ್ನು ನೆನೆದರೆ ನಗುವೂ ಬರುತ್ತದೆ. ಸ್ಪೇನಿನ ಹೂಲಿಯೊ ಇಗ್ಲೇಸಿಯಸ್ ಕೂಡ ಹಾಡಿದ್ದಾರೆ. ಇಂಪಾಗಿದೆ, ಆದರೆ ಜನರಿಗೆ ಹೆದರುವವನ ದನಿ ಅದಲ್ಲ. ಅದನ್ನು ಬಿಟ್ಟರೂ ನಷ್ಟವಿಲ್ಲ.