ಕದಿರು ತೆಗೆಯೋಕೆ ಪಕ್ಕದವರ ಗದ್ದೆಗೆ

ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಬೆಂಗಳೂರಿನಿಂದ ಊರಿಗೆ ಹೋಗಿದ್ದೆ. ಮಡಿಕೇರಿಯಿಂದ ಸ್ವಲ್ಪ ಒಳಗೆ ನಮ್ಮೂರು. ನೆರೆ (ಎಲೆಗಳ ಕಟ್ಟು) ಕಟ್ಟೋಕೆ, ಕದಿರು ಅಂದರೆ ಹೊಸ ಭತ್ತದ ತೆನೆ ತೆಗೆಯೋಕೆ, ಊಟಕ್ಕೆ ಅಂತ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಗೊತ್ತುಮಾಡಿದ ಹೊತ್ತು ಆಗಲೇ ವಾಟ್ಸಾಪ್‌ನಲ್ಲಿ ಓಡಾಡುತ್ತಿತ್ತು. ಕೋವಿ ಇತ್ತು, ತಂಬಿಟ್ಟಿಗೆ ಬಾಳೆಹಣ್ಣೂ ಇತ್ತು. ಗದ್ದೆ ಮಾತ್ರ ಇರಲಿಲ್ಲ.

ನಮ್ಮ ಗದ್ದೆ ಅರ್ಧ ಪಾಳು, ಅರ್ಧ ಅಡಿಕೆ. ಕೆಳಗಿನದು ಚಿಕ್ಕಪ್ಪನದು, ಅದಕ್ಕೆ ಮಣ್ಣು ತುಂಬಿಸಿ ಹೋಂಸ್ಟೇ ಮಾಡಿದ್ದಾರೆ. ಬೋರ್ಡಿನಲ್ಲಿ 'ಪ್ಯಾಡಿ ವ್ಯೂ' ಅಂತಿದೆ, ಕಿಟಕಿ ತೆಗೆದರೆ ಕಾಣೋದು ಪಾರ್ಕಿಂಗು.

ಹಾಗಂತ ಅವರನ್ನು ದೂರುವ ಹಾಗೂ ಇಲ್ಲ. ಭತ್ತ ಕುಯ್ಯುವ ಹೊತ್ತಿಗೇ ಕಾಫಿಯೂ ಹಣ್ಣಾಗುತ್ತದೆ, ಆಳು ಸಿಗಲ್ಲ, ಸಿಕ್ಕವರೂ ತೋಟಕ್ಕೇ ಹೋಗ್ತಾರೆ, ಇಷ್ಟಾಗಿ ಉಳಿದ ಪೈರಿಗೆ ಹಂದಿ, ಆನೆ ಬೇರೆ. "ಗದ್ದೆ ಯಾರು ಮಾಡ್ತಾರೆ ಮಗಾ, ನೀನು ಬರ್ತೀಯಾ ನಾಟಿಗೆ?" ಅಂದರು ಚಿಕ್ಕಪ್ಪ. ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಏನು ಹೇಳಲಿ, ಸುಮ್ನಾದೆ.

ಪಕ್ಕದ ಮನೆಯ ಮಾವ ಇನ್ನೂ ಸ್ವಲ್ಪ ಭತ್ತ ಬೆಳೀತಾರೆ. ರಾತ್ರಿ ಎಲ್ಲರೂ ಅಲ್ಲಿಗೆ ಹೊರಟೆವು. ಹಿಂದೆ ಹೋಂಸ್ಟೇಯ ಏಳೆಂಟು ಜನ, ಕೈಯಲ್ಲಿ ಮೊಬೈಲ್ ಟಾರ್ಚು. ತೋಟದ ಆಳುಗಳಿಗೆ ಅಂತ ಇರುವ ನಮ್ಮ ಲೈನ್‌ಮನೆಯಲ್ಲಿರುವ ಅಸ್ಸಾಮಿನ ಹುಡುಗನೂ ಬಂದ. ಕಾಫಿ ಕುಯ್ಲಿಗೆ ಬಂದವನು. ಚಿಕ್ಕಪ್ಪ ಕತ್ತಿ ಹಿಡಿದು ಬಗ್ಗಿದರು, ಕೋವಿ ಹಾರಿತು, ನಾವೆಲ್ಲ "ಪೊಲಿ ಪೊಲಿ ದೇವಾ" ಅಂತ ಕೂಗಿದೆವು. ಕೂಗು ನಿಲ್ಲುವ ಮೊದಲೇ ಒಬ್ಬರು, "ಅಂಕಲ್, ಇನ್ನೊಂದ್ಸಲ ಫೈರ್ ಮಾಡ್ತೀರಾ? ವಿಡಿಯೋ ಸರಿ ಬರ್ಲಿಲ್ಲ" ಅಂದರು. ನಗು ತಡೆಯೋಕಾಗಲಿಲ್ಲ. ಚಿಕ್ಕಪ್ಪ ಮಾಡಿಯೂ ಬಿಟ್ಟರು, ಗೆಸ್ಟ್ ಅಲ್ವಾ!

ಆ ಹುಡುಗ ಮಾತ್ರ ಫೋನು ತೆಗೆಯಲಿಲ್ಲ. ಒಂದು ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿದ. "ಇನ್ನೂ ನಾಲ್ಕು ದಿನ ಬೇಕು" ಅಂದ, ಹಿಂದಿ, ಕನ್ನಡ ಎರಡೂ ಸೇರಿಸಿ. ಅವನ ಊರಲ್ಲೂ ಈಗ ಭತ್ತದ ಕುಯ್ಲಂತೆ, ಅಪ್ಪ ಒಬ್ಬನೇ ಕುಯ್ತಾ ಇದ್ದಾನಂತೆ. ಅಲ್ಲಿದ್ದ ಅಷ್ಟು ಜನರಲ್ಲಿ ತೆನೆ ಮುಟ್ಟಿ ಹೇಳಬಲ್ಲವರು ಮಾವನನ್ನು ಬಿಟ್ಟರೆ ಅವನೊಬ್ಬನೇ.

ಕದಿರು ಹೊತ್ತು ವಾಪಸ್ ಬರುವಾಗ ಚಿಕ್ಕಪ್ಪ ಮಾವನಿಗೆ, "ಮುಂದಿನ ವರ್ಷಕ್ಕೂ ಒಂದೆರಡು ಸಾಲು ನಮಗೆ ಇಡಿ" ಅಂದರು.

"ನೋಡುವ" ಅಂದರು ಮಾವ. "ರೋಡ್ ಸೈಡ್ ಅಲ್ವಾ, ಬೆಂಗಳೂರಿನವರು ಯಾರೋ ಕೇಳ್ತಾ ಇದ್ದಾರೆ."